ಜೂನಿಯರ್ ಆದವರು ದುಡ್ಡು ಕೇಳಬಾರದಾ?

ಈ ಸಲದ ಪತ್ರಗಳೆಲ್ಲ ವಕೀಲರದ್ದೇ. ಹೋದ ಸಂಚಿಕೆಯಲ್ಲಿ ಜಮ್ಮಾ ಬಾಣೆ (ಕೊಡಗಿನ ವಂಶಪಾರಂಪರ್ಯದ ಜಮೀನು) ಪಾಲಿನ ಪ್ರಶ್ನೆಗೆ ಉತ್ತರ ಬರೆದಿದ್ದೆ. ಅದನ್ನು ಓದಿದ ಒಬ್ಬರು "ಊರವರ ಕಷ್ಟವೆಲ್ಲ ಕೇಳ್ತೀರಿ ಮೇಡಂ, ನಮ್ಮ ಕಷ್ಟಕ್ಕೆ ಯಾವ ಕೋರ್ಟು?" ಅಂತ ಬರೆದರು. ಸರಿ, ಬರೆಯಿರಿ ಅಂದೆ. ಬಂದವು. ಕೊಡಗಿನ ವಕೀಲರ ಸಂಘಗಳು ಸಣ್ಣವು, ಮಡಿಕೇರಿಯಲ್ಲಿ ಸೀನಿದರೆ ಪೊನ್ನಂಪೇಟೆಯಲ್ಲಿ ಗೊತ್ತಾಗುತ್ತದೆ. ಅದಕ್ಕೇ ಹೆಸರು ಹಾಕಿಲ್ಲ, ಊರನ್ನೂ ಅಲ್ಲಲ್ಲಿ ಬದಲಿಸಿದ್ದೇನೆ. ಯಾರಿರಬಹುದು ಅಂತ ಊಹೆ ಮಾಡುತ್ತಾ ಕೂರಬೇಡಿ.

ಪ್ರಶ್ನೆ: ಮೇಡಂ, ನಮ್ಮದು ಸಿದ್ದಾಪುರ ಕಡೆ. ಅಪ್ಪ ಅಮ್ಮ ಇಬ್ಬರೂ ಕಾಫಿ ತೋಟದ ಕೆಲಸಕ್ಕೆ ಹೋಗುತ್ತಾರೆ. ತೋಟದ ಕೂಲಿಯವರ ಲೈನ್ ಮನೆಯಲ್ಲಿ ಬೆಳೆದವಳು ನಾನು. ಮಡಿಕೇರಿಯಲ್ಲಿ ಸೀನಿಯರ್ ಒಬ್ಬರ ಆಫೀಸು ಸೇರಿ ವರ್ಷ ದಾಟಿತು. ವಾಯಿದೆ ಕೇಳುವುದು, ನಕಲು ಅರ್ಜಿ ಹಾಕುವುದು, ಸಂಜೆ ಕೂತು ಡ್ರಾಫ್ಟ್ ಟೈಪ್ ಮಾಡುವುದು ಎಲ್ಲ ನಾನೇ. ಇವತ್ತಿನವರೆಗೆ ಒಂದು ರೂಪಾಯಿ ಕೊಟ್ಟಿಲ್ಲ. ಹಬ್ಬಕ್ಕೆ ಒಂದು ಸೀರೆ ಕೊಟ್ಟರು. ಕ್ಷಮಿಸಿ, ಕೇಳುವುದು ತಪ್ಪಾ? ಕೇಳಿದರೆ ಬರಬೇಡ ಅನ್ನುತ್ತಾರೇನೋ ಅಂತ ಭಯ.

ಉತ್ತರ: ತಪ್ಪಲ್ಲ. ಕ್ಷಮೆ ಕೇಳುವಂಥದ್ದೂ ಇದರಲ್ಲಿ ಏನೂ ಇಲ್ಲ.

2024ರ ಅಕ್ಟೋಬರ್‌ನಲ್ಲಿ ವಕೀಲಿ ವೃತ್ತಿಯನ್ನು ನಿಯಂತ್ರಿಸುವ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಒಂದು ಸುತ್ತೋಲೆ ಹೊರಡಿಸಿತು. ಜೂನಿಯರ್ ವಕೀಲರಿಗೆ ತಿಂಗಳಿಗೆ ನಗರಗಳಲ್ಲಿ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಅಂತ. ಆದರೆ ಅದು ಶಿಫಾರಸು ಮಾತ್ರ. ಕೊಡದಿದ್ದರೆ ಯಾರನ್ನೂ ಹಿಡಿದು ಕೇಳುವ ಹಾಗಿಲ್ಲ. ಆ ಸುತ್ತೋಲೆಯ ಪ್ರಿಂಟ್ ತೆಗೆದುಕೊಂಡು ಹೋಗಿ ಸೀನಿಯರ್ ಟೇಬಲ್ ಮೇಲೆ ಇಡಬೇಡಿ, ಮಾತು ಅಲ್ಲೇ ಮುರಿದು ಬೀಳುತ್ತದೆ. ಒಂದು ಅಂದಾಜಿಗೆ ತಲೆಯಲ್ಲಿ ಇಟ್ಟುಕೊಳ್ಳಿ, ಸಾಕು.

ಬದಲಿಗೆ ನಿಮ್ಮ ಡೈರಿ ತೆಗೆಯಿರಿ. ಹೋದ ಮೂರು ತಿಂಗಳಲ್ಲಿ ಯಾವ ಕೇಸಿಗೆ ಏನು ಮಾಡಿದಿರಿ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಎಷ್ಟು ದಿನ ಒಬ್ಬರೇ ಹೋಗಿ ವಾಯಿದೆ ತಂದಿರಿ, ಯಾವ ಪ್ಲೇಂಟ್ (ದಾವೆಯ ಅರ್ಜಿ), ಯಾವ ಬೇಲ್ ಅರ್ಜಿ ಮೊದಲಿನಿಂದ ನೀವೇ ಬರೆದಿರಿ, ಯಾವ ಪಾರ್ಟಿ (ಕಕ್ಷಿದಾರರು) ಸೀನಿಯರ್ ಬದಲು ನಿಮಗೇ ಫೋನ್ ಮಾಡುತ್ತಾರೆ. ಮೊದಲ ಆರು ತಿಂಗಳು ಜೂನಿಯರ್ ಕೆಲಸ ಕೆಡಿಸುವುದೇ ಜಾಸ್ತಿ, ಇದು ಎಲ್ಲರಿಗೂ ಗೊತ್ತು. ಆದರೆ ವರ್ಷ ಕಳೆದ ಮೇಲೆ ನೀವು ಒಬ್ಬ ಟೈಪಿಸ್ಟ್, ಒಬ್ಬ ಗುಮಾಸ್ತ, ಅರ್ಧ ವಕೀಲರ ಕೆಲಸ ಮಾಡುತ್ತಿದ್ದೀರಿ. ಟೈಪಿಸ್ಟ್ ಹತ್ತಿರ ಯಾರಾದರೂ "ಕೆಲಸ ಕಲಿಸುತ್ತೇವಲ್ಲ, ಸಂಬಳ ಯಾಕೆ?" ಅಂತ ಕೇಳುತ್ತಾರಾ?

ಕೋರ್ಟ್ ವರಾಂಡದಲ್ಲಿ, ಬೇರೆಯವರ ಮುಂದೆ ಕೇಳಬೇಡಿ. ಆಫೀಸಿನಲ್ಲಿ ಪಾರ್ಟಿಗಳೆಲ್ಲ ಹೋದ ಮೇಲೆ ಕೂತು ಕೇಳಿ. "ಸರ್, ತಿಂಗಳಿಗೆ ಇಷ್ಟು ಅಂತ ಗೊತ್ತು ಮಾಡಿಕೊಡಿ, ನಾನೇ ಡ್ರಾಫ್ಟ್ ಮಾಡಿದ ಕೇಸಿನಲ್ಲಿ ಫೀಸಿನ ಒಂದು ಪಾಲು ಕೊಡಿ" ಅಂತ ನೇರವಾಗಿ ಹೇಳಿ. "ನಿಮಗೆ ತೋಚಿದ್ದು ಕೊಡಿ" ಅನ್ನಬೇಡಿ. ತೋಚುವುದಿಲ್ಲ, ಇಷ್ಟು ದಿನ ತೋಚಿಲ್ಲವಲ್ಲ. ಸಂಖ್ಯೆ ನಿಮ್ಮ ಬಾಯಲ್ಲೇ ಬರಲಿ.

ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಫ್ರೀ ಅಲ್ವಾ, ಖರ್ಚೇನು ಅಂತ ಕೇಳುವವರೂ ಇದ್ದಾರೆ. ಸರ್ಕಾರಿ ಬಸ್ಸು ಸಿಗಬೇಕಲ್ಲ. ಹತ್ತು ಗಂಟೆಗೆ ಕೋರ್ಟಿನಲ್ಲಿ ಇರಬೇಕಾದವರು ಬಂದ ಪ್ರೈವೇಟ್ ಬಸ್ಸು ಹತ್ತುತ್ತಾರೆ. 2024ರ ಜುಲೈ 1ಕ್ಕೆ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆ ಮೂರೂ ಹೋಗಿ ಹೊಸ ಕಾನೂನು ಬಂತು, ಪುಸ್ತಕಗಳನ್ನೆಲ್ಲ ಮತ್ತೆ ಕೊಳ್ಳಬೇಕಾಯಿತು. ಮತ್ತೆ ಆ ಕೋಟು. ಜುಲೈ, ಆಗಸ್ಟ್ ಮಳೆಯಲ್ಲಿ ಒಂದೇ ಕೋಟು ಇರುವವರ ಪಾಡು ನೋಡಬೇಕು. ಸಂಜೆ ನೆನೆದು ಬಂದದ್ದನ್ನು ರಾತ್ರಿ ಒಲೆಯ ಮೇಲಿನ ಹಗ್ಗಕ್ಕೆ ಹಾಕುತ್ತಾರೆ. ಬೆಳಿಗ್ಗೆ ತೋಳು ಇನ್ನೂ ಒದ್ದೆ, ಕಾಲರ್ ಹತ್ತಿರ ಬಿಳಿ ಬೂಷ್ಟು, ಮೈಯೆಲ್ಲ ಹೊಗೆ ವಾಸನೆ. ಹಾಕಿಕೊಂಡು ಜಡ್ಜ್ ಮುಂದೆ ನಿಲ್ಲಬೇಕು. ಎರಡನೇ ಕೋಟು ಇರುವವರಿಗೆ ಈ ಖರ್ಚು ಕಣ್ಣಿಗೇ ಬೀಳುವುದಿಲ್ಲ. (ಗೌನ್ ಇಲ್ಲ ಅಂತ ಚಿಂತೆ ಬೇಡ. ಹೈಕೋರ್ಟು, ಸುಪ್ರೀಂ ಕೋರ್ಟು ಬಿಟ್ಟು ಬೇರೆ ಕೋರ್ಟುಗಳಲ್ಲಿ ಅದು ಕಡ್ಡಾಯ ಅಲ್ಲ.)

ಕೊಡಲ್ಲ ಅಂದರೆ? ಇನ್ನೊಂದು ಆಫೀಸು ನೋಡಿ. ಈಗಿನದ್ದನ್ನು ಬಿಡುವ ಮೊದಲೇ ನೋಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್‌ಗೆ ಅರ್ಜಿ ಕರೆದಾಗ ಹಾಕಿ. ಪ್ರಾಧಿಕಾರದಲ್ಲಿ ಈಗ ಬಡ ಆರೋಪಿಗಳ ಪರ ವಾದಿಸುವ ಕಾನೂನು ನೆರವು ಅಭಿರಕ್ಷಕರು ಅಂತ ತಿಂಗಳ ಗೌರವಧನದ ಹುದ್ದೆಗಳೂ ಇವೆ. ಕ್ರಿಮಿನಲ್ ಕೇಸು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಪ್ರಶ್ನೆ: ನಾನು ಯರವ ಸಮುದಾಯದವನು (ಪರಿಶಿಷ್ಟ ಪಂಗಡ), ತಿತಿಮತಿ ಕಡೆ. ಎಲ್‌ಎಲ್‌ಬಿ ಪೂರ್ತಿ ಕನ್ನಡದಲ್ಲೇ ಬರೆದು ಪಾಸಾದೆ. ಸನ್ನದು (ವಕೀಲಿ ಮಾಡಲು ಬೇಕಾದ ನೋಂದಣಿ) ಮಾಡಿಸಲು ತುಂಬಾ ದುಡ್ಡು ಬೇಕು ಅಂತಾರೆ. ಇಂಗ್ಲಿಷ್ ಬರದವನು ವಕೀಲನಾಗಿ ಏನು ಮಾಡುತ್ತೀ ಅಂತ ಕಾಲೇಜಿನಲ್ಲೇ ನಗುತ್ತಿದ್ದರು.

ಉತ್ತರ: ದುಡ್ಡಿನ ಮಾತು ಮೊದಲು. ವಕೀಲರ ಕಾಯ್ದೆ 1961ರ ಪ್ರಕಾರ ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125 ರೂಪಾಯಿ. ಸ್ಟಾಂಪ್ ಡ್ಯೂಟಿ ಬೇರೆ. ರಾಜ್ಯಗಳ ಬಾರ್ ಕೌನ್ಸಿಲ್‌ಗಳು ಆ ಫೀಸು ಈ ಫೀಸು ಅಂತ ಸಾವಿರಾರು ರೂಪಾಯಿ ವಸೂಲಿ ಮಾಡುತ್ತಿದ್ದವು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು, ಕಾಯ್ದೆಯಲ್ಲಿ ಇರುವುದಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ ಅಂತ ಹೇಳಿತು. ಬಡ ಕುಟುಂಬದವರನ್ನು, ಹಿಂದುಳಿದವರನ್ನು ಈ ಶುಲ್ಕ ಬಾಗಿಲಲ್ಲೇ ತಡೆಯುತ್ತದೆ ಅನ್ನುವುದು ಆ ತೀರ್ಪಿನ ಮುಖ್ಯ ಮಾತು. ಆದ್ದರಿಂದ ಯಾರೋ ಹೇಳಿದ ಲೆಕ್ಕ ನಂಬಿ ಸಾಲ ಮಾಡಬೇಡಿ.

ಪರಿಶಿಷ್ಟ ಪಂಗಡದ ಕಾನೂನು ಪದವೀಧರರಿಗೆ ಸರ್ಕಾರದ ತರಬೇತಿ ಭತ್ಯೆ ಇದೆ. ಅನುಭವಿ ವಕೀಲರ ಬಳಿ ತರಬೇತಿ ಪಡೆಯುವಾಗ ತಿಂಗಳು ತಿಂಗಳು ಕೊಡುತ್ತಾರೆ. ಮಡಿಕೇರಿಯ ಐಟಿಡಿಪಿ (ಗಿರಿಜನ ಅಭಿವೃದ್ಧಿ ಯೋಜನೆ) ಕಚೇರಿಗೆ ಹೋಗಿ ಈ ವರ್ಷದ ಅರ್ಜಿ ಯಾವಾಗ ಅಂತ ಕೇಳಿ. ಪೇಪರಿನಲ್ಲಿ ಪ್ರಕಟಣೆ ಒಂದು ಮೂಲೆಯಲ್ಲಿ ಬಂದು ಹೋಗುತ್ತದೆ, ಕಣ್ತಪ್ಪಿದರೆ ಒಂದು ವರ್ಷ ಹೋಯಿತು.

ಇಂಗ್ಲಿಷ್ ವಿಷಯ. ನಮ್ಮ ರಾಜ್ಯದ ಅಧೀನ ನ್ಯಾಯಾಲಯಗಳ ಭಾಷೆ ಕನ್ನಡ. ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಹೈಕೋರ್ಟಿಗೆ ಹೋಗುವಾಗ ಇಂಗ್ಲಿಷ್ ಬೇಕೇ ಬೇಕು, ಹೈಕೋರ್ಟಿನ ತೀರ್ಪು ಓದಿ ಅರ್ಥ ಮಾಡಿಕೊಳ್ಳಲಂತೂ ಈಗಲೇ ಬೇಕು. ದಿನಕ್ಕೆ ಒಂದು ತೀರ್ಪು ಡಿಕ್ಷನರಿ ಇಟ್ಟುಕೊಂಡು ಓದಿ. ಮಾತಾಡುವುದು ನಿಧಾನಕ್ಕೆ ಬರುತ್ತದೆ.

ನಿಮ್ಮ ಹತ್ತಿರ ಇರುವ ಇನ್ನೊಂದು ವಿದ್ಯೆಯನ್ನು ಕಾಲೇಜಿನಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಯರವ ಅಜ್ಜಿಯೊಬ್ಬರು ಸಾಕ್ಷಿ ಕಟ್ಟೆ ಹತ್ತಿದಾಗ ಏನಾಗುತ್ತದೆ? ವಕೀಲರು ಕನ್ನಡದಲ್ಲಿ ಕೇಳುತ್ತಾರೆ, ಅಜ್ಜಿ ಸುಮ್ನೆ ತಲೆ ಆಡಿಸುತ್ತಾರೆ. "ಸಾಕ್ಷಿ ಹೌದೆಂದು ನುಡಿಯುತ್ತಾರೆ" ಅಂತ ದಾಖಲಾಗುತ್ತದೆ. ಆ ತಲೆಯಾಡಿಸಿದ್ದು ಹೌದು ಅಂತಲೋ, ಕೇಳಿಸಿತು ಅಂತಲೋ, ಭಯಕ್ಕೋ ಅಂತ ಅಲ್ಲಿರುವ ಯಾರಿಗೂ ಗೊತ್ತಿಲ್ಲ. ನಿಮಗೆ ಗೊತ್ತಾಗುತ್ತದೆ. ಅರಣ್ಯ ಹಕ್ಕು ಕಾಯ್ದೆ 2006ರ ಅರ್ಜಿಗಳಿವೆ, ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕೇಸುಗಳಿವೆ, ಹಾಡಿಗಳಲ್ಲಿ (ಆದಿವಾಸಿ ಕೇರಿಗಳಲ್ಲಿ) ಇದನ್ನು ಅವರದೇ ಭಾಷೆಯಲ್ಲಿ ಬಿಡಿಸಿ ಹೇಳುವ ವಕೀಲರು ಎಷ್ಟು ಜನ ಇದ್ದಾರೆ? ನಕ್ಕವರೇ ಮುಂದೆ ಅಂಥ ಕೇಸಿಗೆ ನಿಮ್ಮನ್ನು ಹುಡುಕಿಕೊಂಡು ಬಂದರೆ ಫೀಸು ಸರಿಯಾಗಿ ತೆಗೆದುಕೊಳ್ಳಿ.

ಪ್ರಶ್ನೆ: ಹದಿನೈದು ವರ್ಷದ ಪ್ರಾಕ್ಟೀಸು ನನ್ನದು. ಆದರೂ ಬರುವುದೆಲ್ಲ ಡೈವೋರ್ಸು, ಜೀವನಾಂಶ. ಸಿವಿಲ್ ಕೇಸಿನ ಪಾರ್ಟಿಗಳು ನನ್ನ ಬೋರ್ಡು ನೋಡಿ ಮುಂದಿನ ಆಫೀಸಿಗೆ ಹೋಗುತ್ತಾರೆ. ಸಂಘದ ಕಾರ್ಯಕ್ರಮದಲ್ಲಿ ನನಗೆ ಯಾವಾಗಲೂ ಪ್ರಾರ್ಥನೆ ಇಲ್ಲವೇ ವಂದನಾರ್ಪಣೆ.

ಉತ್ತರ: ವಂದನಾರ್ಪಣೆ! ಅದರ ಬಗ್ಗೆ ನಾನೇ ಒಂದು ಪುಸ್ತಕ ಬರೆಯಬಹುದು.

ಹೆಂಗಸರು ವಕೀಲರಾಗಬಾರದು ಅಂತ 1916ರಲ್ಲಿ ಕಲ್ಕತ್ತಾ ಹೈಕೋರ್ಟು ರೆಜಿನಾ ಗುಹಾ ಅವರಿಗೆ ಹೇಳಿತು. 1921ರಲ್ಲಿ ಪಟ್ನಾ ಹೈಕೋರ್ಟು ಸುಧಾಂಶುಬಾಲಾ ಹಜ್ರಾ ಅವರಿಗೂ ಅದನ್ನೇ ಹೇಳಿತು. 1923ರಲ್ಲಿ ಕಾಯ್ದೆ ಬಂದ ಮೇಲೆ ಬಾಗಿಲು ತೆಗೆಯಿತು. ನೂರು ವರ್ಷ ದಾಟಿದೆ. ಒಳಗೆ ಬಂದಿದ್ದೇವೆ, ಕೂರಲು ಒಂದೇ ಮೂಲೆ ತೋರಿಸುತ್ತಾರೆ.

ಸಂಘದ ವಿಷಯಕ್ಕೆ ಈಗ ಕೈಯಲ್ಲಿ ಹಿಡಿಯಲು ಏನಾದರೂ ಇದೆ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಬೆಂಗಳೂರು ವಕೀಲರ ಸಂಘದ ಖಜಾಂಚಿ ಹುದ್ದೆಯನ್ನು ಮಹಿಳೆಯರಿಗೆ ಮೀಸಲಿಟ್ಟಿತು, ಆಡಳಿತ ಸಮಿತಿಯಲ್ಲೂ ಶೇಕಡ 30 ಅಂದಿತು. ಮಾರ್ಚ್‌ನಲ್ಲಿ ಅದನ್ನು ಕರ್ನಾಟಕದ ಜಿಲ್ಲಾ ವಕೀಲರ ಸಂಘಗಳಿಗೂ ವಿಸ್ತರಿಸಿತು. ತಾಲೂಕು ಸಂಘದವರು "ಅದು ಜಿಲ್ಲೆಗೆ, ನಮಗಲ್ಲ" ಅನ್ನಬಹುದು. ಅನ್ನಲಿ. ಬೈಲಾ ತಿದ್ದುಪಡಿ ಮಾಡಿ ಅಂತ ಸರ್ವಸದಸ್ಯರ ಸಭೆಗೆ ಬರವಣಿಗೆಯಲ್ಲಿ ಕೊಡಿ, ನಾಲ್ಕು ಜನ ಸಹಿ ಹಾಕಿ. ಖಜಾಂಚಿ ಆದವರ ಕೈಯಲ್ಲಿ ಚೆಕ್‌ಬುಕ್ ಇರುತ್ತದೆ. ಹೆಂಗಸರಿಗೆ ಸರಿಯಾದ ಶೌಚಾಲಯ, ಮಗುವಿಗೆ ಹಾಲು ಕೊಡಲು ಒಂದು ಕೋಣೆ, ಮೆಟ್ಟಿಲು ಹತ್ತಲಾಗದ ವಕೀಲರಿಗೆ ಒಂದು ರ‍್ಯಾಂಪ್, ಇದೆಲ್ಲ ಕೇಳಿದಾಗ "ಫಂಡ್ ಇಲ್ಲ" ಅನ್ನುವ ಮಾತು ಆಮೇಲೆ ಅಷ್ಟು ಸುಲಭವಾಗಿ ಬರುವುದಿಲ್ಲ.

ಕೇಸಿನ ವಿಷಯ ಕಷ್ಟ. ಪಾರ್ಟಿಯ ತಲೆಯೊಳಗೆ ಹೋಗಿ ತಿದ್ದಲು ಆಗದು. ಆದರೆ ಪಾರ್ಟಿಯನ್ನು ಕಳಿಸುವವರು ಯಾರು? ಸರ್ವೆ ಮಾಡುವವರು, ಪತ್ರ ಬರೆಯುವವರು, ಬ್ಯಾಂಕಿನವರು, ಬೇರೆ ತಾಲೂಕಿನ ವಕೀಲರು. ಅವರಿಗೆಲ್ಲ ನೀವು "ಫ್ಯಾಮಿಲಿ ಕೇಸಿನ ಮೇಡಂ". ಒಂದು ಪಾಲು ದಾವೆಯನ್ನೋ, ದಾರಿ ತಕರಾರನ್ನೋ ಹಿಡಿದು, ಪಾಟಿ ಸವಾಲು ನೀವೇ ಮಾಡಿ, ಆರ್ಡರ್ ಬಂದ ಮೇಲೆ ನಾಲ್ಕು ಜನಕ್ಕೆ ಹೇಳಿಕೊಳ್ಳಿ. ಗಂಡಸರು ನಾಚಿಕೆ ಇಲ್ಲದೆ ಹೇಳಿಕೊಳ್ಳುತ್ತಾರೆ.

ಮುಂದಿನ ಸಲ ವಂದನಾರ್ಪಣೆ ಅಂದರೆ, ಅಧ್ಯಕ್ಷತೆ ಇದ್ದರೆ ಹೇಳಿ ಅನ್ನಿ.

ಪ್ರಶ್ನೆ: ವಯಸ್ಸು ನಲವತ್ತೇಳು, ಪ್ರಾಕ್ಟೀಸು ಚೆನ್ನಾಗಿದೆ. ಆದರೆ ಎರಡು ವರ್ಷದಿಂದ ನಿದ್ದೆ ಇಲ್ಲ. ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ಯಾವುದೋ ಕೇಸಿನ ಲಿಮಿಟೇಶನ್ (ಕೋರ್ಟಿಗೆ ಹಾಕುವ ಗಡುವು) ಮುಗಿಯಿತೇನೋ ಅಂತ ಎದೆ ಹೊಡೆದುಕೊಳ್ಳುತ್ತದೆ. ಮೊದಲು ವಾರಕ್ಕೊಮ್ಮೆ ಇದ್ದ ಡ್ರಿಂಕ್ಸ್ ಈಗ ದಿನಾ ಆಗಿದೆ. ಮನೋವೈದ್ಯರಲ್ಲಿ ಹೋದರೆ ಸನ್ನದಿಗೆ ತೊಂದರೆ ಆಗುತ್ತದಾ? ಪಾರ್ಟಿಗಳಿಗೆ ಗೊತ್ತಾದರೆ ಕತೆ ಮುಗಿಯಿತು.

ಉತ್ತರ: ಸನ್ನದಿಗೆ ಏನೂ ಆಗುವುದಿಲ್ಲ. ವಕೀಲರ ಕಾಯ್ದೆಯ ಕಲಂ 24ಎ ನೀವೂ ಓದಿರುತ್ತೀರಿ. ನೈತಿಕ ಅಧಃಪತನದ ಅಪರಾಧದಲ್ಲಿ ಶಿಕ್ಷೆಯಾಗಿದ್ದರೆ, ಅಸ್ಪೃಶ್ಯತೆ ಆಚರಣೆಯ ಅಪರಾಧದಲ್ಲಿ ಶಿಕ್ಷೆಯಾಗಿದ್ದರೆ, ಅಂಥ ಆರೋಪದ ಮೇಲೆ ಸರ್ಕಾರಿ ಕೆಲಸದಿಂದ ವಜಾ ಆಗಿದ್ದರೆ ನೋಂದಣಿಗೆ ಅಡ್ಡಿ. ನಿದ್ದೆ ಬರದೆ ಡಾಕ್ಟರ ಹತ್ತಿರ ಹೋದವರ ಮಾತು ಅಲ್ಲಿ ಎಲ್ಲೂ ಇಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಕಲಂ 23ರ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿಡುವುದು ಆಸ್ಪತ್ರೆಯವರ ಕರ್ತವ್ಯ. ನಿಮ್ಮ ಪಾರ್ಟಿಯ ಗುಟ್ಟು ನೀವು ಕಾಯುತ್ತೀರಲ್ಲ, ಹಾಗೇ.

ಊರಿನಲ್ಲಿ ಕಂಡವರು ಕಾಣುತ್ತಾರೆ ಅನ್ನುವ ಭಯ ಬೇರೆ, ಅದು ನಿಜವೇ. ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ನಿಮ್ಮದೇ ಪಾರ್ಟಿ "ಏನ್ ಸರ್ ಇಲ್ಲಿ?" ಅನ್ನಬಹುದು. ಮೊದಲು ಫೋನಿನಲ್ಲಿ ಶುರು ಮಾಡಿ. ಟೆಲಿ ಮನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಮೂರು ಗಂಟೆಗೇ ಮಾಡಿ. ಆಮೇಲೆ ಡಾಕ್ಟರನ್ನು ನೇರ ನೋಡಲು ಮೈಸೂರಿಗೋ ಮಂಗಳೂರಿಗೋ ಹೋಗಿ. ಹೈಕೋರ್ಟಿಗೆ ಅಂತ ಬೆಂಗಳೂರಿನವರೆಗೆ ಹೋಗಿ ಬರುತ್ತೀರಲ್ಲ, ಇದಕ್ಕೆ ಒಂದು ಶನಿವಾರ ಕೊಡಲಾಗದಾ?

ಡ್ರಿಂಕ್ಸ್ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ದಿನಾ ಕುಡಿಯುತ್ತಿದ್ದವರು ಹಠಕ್ಕೆ ಬಿದ್ದು ಒಂದೇ ಸಲ ನಿಲ್ಲಿಸಬೇಡಿ. ಕೈ ನಡುಕ, ಬೆವರು, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ, ಪ್ರಾಣಕ್ಕೇ ಕುತ್ತು. ಡಾಕ್ಟರ್ ಹೇಳಿದ ಹಾಗೆ ಬಿಡಿ. ನಮ್ಮ ಜಿಲ್ಲೆಯಲ್ಲಿ ಮದುವೆ, ಕೈಲ್ ಮುಹೂರ್ತ ಹಬ್ಬ ಅಂದರೆ ಗ್ಲಾಸು ಹಿಡಿದವರನ್ನು ಯಾರೂ ತಿರುಗಿ ನೋಡುವುದಿಲ್ಲ. ಅದರಲ್ಲಿ ನನಗೇನೂ ತಕರಾರಿಲ್ಲ. ಆದರೆ ಹಬ್ಬಕ್ಕೆ ಕುಡಿಯುವವರ ನಡುವೆ ನಿದ್ದೆಗಾಗಿ ಕುಡಿಯುವವರು ಯಾರು ಅಂತ ಗೊತ್ತಾಗದೆ ಹೋಗುತ್ತದೆ. 2016ರಲ್ಲಿ ಅಮೆರಿಕದಲ್ಲಿ ಸುಮಾರು 13,000 ವಕೀಲರ ಮೇಲೆ ಒಂದು ಅಧ್ಯಯನ ನಡೆದಿತ್ತು. ಶೇಕಡ 21ರಷ್ಟು ಜನರ ಕುಡಿತ ತೊಂದರೆಯ ಮಟ್ಟದಲ್ಲಿತ್ತು, ಶೇಕಡ 28ರಷ್ಟು ಜನರಲ್ಲಿ ಖಿನ್ನತೆಯ ಲಕ್ಷಣ ಇತ್ತು. ಅದು ಅವರ ಲೆಕ್ಕ. ಆದರೆ ಮೂರು ಗಂಟೆಗೆ ಎಚ್ಚರಾಗುವುದು ನಿಮ್ಮೊಬ್ಬರ ದೌರ್ಬಲ್ಯ ಅಂದುಕೊಂಡಿದ್ದರೆ ಅದನ್ನು ಬಿಡಿ.

ಲಿಮಿಟೇಶನ್ ಭಯಕ್ಕೆ ಔಷಧಿ ಬೇರೆ. ನಾಳೆಯೇ ಜೂನಿಯರ್ ಜೊತೆ ಕೂತು ಎಲ್ಲ ಫೈಲಿನ ಕೊನೆಯ ದಿನಾಂಕ ಒಂದು ರಿಜಿಸ್ಟರ್‌ಗೆ ಬರೆಸಿ, ಗೋಡೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕಿಸಿ. ಹೊತ್ತುಕೊಳ್ಳಲಾಗದ ಕೇಸುಗಳಿದ್ದರೆ ಬಿಡಬಹುದು. ಬಾರ್ ಕೌನ್ಸಿಲ್ ನಿಯಮ ಕೇಳುವುದು ಸರಿಯಾದ ಕಾರಣ, ಪಾರ್ಟಿಗೆ ಸಾಕಷ್ಟು ಮುಂಚೆ ತಿಳಿಸುವುದು, ಮಾಡದ ಕೆಲಸದ ಫೀಸು ವಾಪಸ್ಸು. ಕಾಯಿಲೆ ಸರಿಯಾದ ಕಾರಣವೇ.

ಪ್ರಶ್ನೆ: ಸೀನಿಯರ್ ರಾತ್ರಿ ಹೊತ್ತು ಬೇಡದ ಮೆಸೇಜು ಕಳಿಸುತ್ತಾರೆ. ಫೈಲು ಕೊಡುವ ನೆಪದಲ್ಲಿ ಕೈ ಮುಟ್ಟುತ್ತಾರೆ. ಆಫೀಸಿನಲ್ಲಿ ಇರುವುದೇ ಮೂರು ಜನ. ನನಗೆ ಸಂಬಳವೂ ಇಲ್ಲ, ಹಾಗಾಗಿ ನಾನು ಉದ್ಯೋಗಿಯೇ ಅಲ್ಲ, ದೂರು ನಿಲ್ಲುವುದಿಲ್ಲ ಅಂತ ಗೆಳತಿ ಹೇಳುತ್ತಾಳೆ.

ಉತ್ತರ: ಗೆಳತಿ ಕಲಂ 2 ಇನ್ನೊಮ್ಮೆ ಓದಲಿ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆ 2013ರಲ್ಲಿ 'ಉದ್ಯೋಗಿ' ಅಂದರೆ ಸಂಬಳ ಇರಲಿ ಬಿಡಲಿ, ತರಬೇತಿಗೆ ಬಂದವರೂ ಸೇರುತ್ತಾರೆ. ಹತ್ತು ಜನಕ್ಕಿಂತ ಕಡಿಮೆ ಇರುವ ಜಾಗ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಹೋಗಬೇಕಾದದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ. ನಿಮಗೆ ಎರಡೂ ಅನ್ವಯಿಸುತ್ತದೆ. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಿ. ತಡವಾಗಿದ್ದರೆ ಕಾರಣ ಬರೆಯಿರಿ, ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ನಿಮ್ಮ ಹೆಸರು, ವಿವರ ಬಹಿರಂಗ ಮಾಡುವುದನ್ನು ಕಾಯ್ದೆಯೇ ನಿಷೇಧಿಸಿದೆ.

ನೀವು ಜೂನಿಯರ್ ಅಷ್ಟೇ, ಉದ್ಯೋಗಿ ಅಲ್ಲ ಅಂತ ಅವರು ವಾದ ಮಾಡಿಯೇ ಮಾಡುತ್ತಾರೆ. ವಕೀಲರಲ್ಲವೇ. ಆ ವಾದ ಗೆದ್ದರೂ ಉಳಿದ ದಾರಿಗಳಿವೆ. ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ) ಕಲಂ 75ರಲ್ಲಿ ಪೊಲೀಸ್ ದೂರು, ವಕೀಲರ ಕಾಯ್ದೆಯ ಕಲಂ 35ರಲ್ಲಿ ರಾಜ್ಯ ಬಾರ್ ಕೌನ್ಸಿಲ್‌ಗೆ ದುರ್ವರ್ತನೆಯ ದೂರು. ಒಂದೂ ಮೆಸೇಜು ಅಳಿಸಬೇಡಿ. ತಾರೀಕು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ನಂಬುವವರಿಗೆ ಕಳಿಸಿಡಿ. ಮತ್ತೆ ನಾಳೆಯಿಂದ ಆ ಆಫೀಸಿಗೆ ಒಬ್ಬರೇ ಹೋಗಬೇಡಿ. ನೀವು ಬೇರೆ ಆಫೀಸು ಸೇರಲು ಯಾರ ಎನ್‌ಒಸಿಯೂ ಬೇಕಿಲ್ಲ.

ಪ್ರಶ್ನೆ: ಈ ಅಂಕಣದಲ್ಲಿ ವಕೀಲರ ಪತ್ರ ಕರೆದದ್ದು ನೋಡಿದೆ. ಬೇಸರವಾಯಿತು. ನಾವು ಐದು ವರ್ಷ ಸೀನಿಯರ್ ಬ್ಯಾಗು ಹೊತ್ತೆವು, ಒಂದು ಪೈಸೆ ಕೇಳಲಿಲ್ಲ. ಈಗಿನವರಿಗೆ ಮೊದಲ ತಿಂಗಳೇ ಸ್ಟೈಪೆಂಡು, ಮಾನಸಿಕ ಒತ್ತಡ. ಇದೆಲ್ಲ ಬೆಂಗಳೂರಿನ ಫ್ಯಾಷನ್.

ಉತ್ತರ: ಸರ್, ನೀವು ಐದು ವರ್ಷ ದುಡ್ಡು ಕೇಳಲಿಲ್ಲ, ಒಪ್ಪಿದೆ. ಆ ಐದು ವರ್ಷ ಊಟ ಎಲ್ಲಿಂದ ಬಂತು? ಮನೆಯಲ್ಲಿ ಕಾಫಿ ಇತ್ತು, ಮೆಣಸಿತ್ತು, ಗದ್ದೆಯ ಅಕ್ಕಿ ಬರುತ್ತಿತ್ತು. ಇಲ್ಲವೇ ಪೇಟೆಯಲ್ಲಿ ಚಿಕ್ಕಪ್ಪನ ಮನೆ ಇತ್ತು. ನನಗೂ ಹಾಗೇ ಇತ್ತು, ಸುಳ್ಳು ಯಾಕೆ ಹೇಳಲಿ. ಬಿಟ್ಟಿ ಕಲಿಯಲು ಶಕ್ತಿ ಇದ್ದವರು ಉಳಿದರು, ಇಲ್ಲದವರು ಎರಡನೇ ವರ್ಷಕ್ಕೆ ಸೊಸೈಟಿಯಲ್ಲೋ ರೆಸಾರ್ಟಿನಲ್ಲೋ ಕೆಲಸಕ್ಕೆ ಸೇರಿದರು. ನಮ್ಮ ಬ್ಯಾಚಿನಲ್ಲಿ ನಮಗಿಂತ ಚುರುಕಾಗಿದ್ದವರು ಈಗ ಎಲ್ಲಿದ್ದಾರೆ ಅಂತ ಒಂದು ಸಲ ನೆನಪು ಮಾಡಿಕೊಳ್ಳಿ. ಲೈನ್ ಮನೆಯವರ, ಹಾಡಿಯವರ ಕೇಸುಗಳು ನಮ್ಮ ಕೋರ್ಟುಗಳಲ್ಲಿ ದಿನಾ ಇರುತ್ತವೆ. ಕರಿ ಕೋಟು ಹಾಕಿದವರಲ್ಲಿ ಅಲ್ಲಿಂದ ಬಂದವರು ಎಷ್ಟು?

ಒತ್ತಡ ಬೆಂಗಳೂರಿನದು ಅನ್ನುವ ಮಾತಂತೂ ಬೇಡ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಪಾರ್ಟಿಗಳ ಪರಿಹಾರದ ಅರ್ಜಿ ಬರೆಯುತ್ತಾ ತಮ್ಮ ಮನೆಯ ಬಿರುಕಿನ ಬಗ್ಗೆ ಯಾರಿಗೂ ಹೇಳದೆ ಇದ್ದ ವಕೀಲರನ್ನು ನಾನೂ ಬಲ್ಲೆ, ನೀವೂ ಬಲ್ಲಿರಿ.

ಪ್ರಶ್ನೆ: ಜೂನಿಯರ್ ಆಗಿ ಕೈಗೆ ಏನೂ ಹತ್ತುತ್ತಿಲ್ಲ. ಮನೆಯಲ್ಲಿ ಹೋಂಸ್ಟೇ ಮಾಡೋಣ ಅಂತಿದ್ದೇನೆ. ಸನ್ನದು ಇಟ್ಟುಕೊಂಡು ಮಾಡಬಹುದಾ?

ಉತ್ತರ: ನೀವೇ ನಿಂತು ವ್ಯಾಪಾರ ಮಾಡುವ ಹಾಗಿಲ್ಲ, ಸಂಬಳದ ಪೂರ್ಣಾವಧಿ ಕೆಲಸವೂ ಇಲ್ಲ. ನೇರವಾಗಿ ಕೈ ಹಾಕದ ಪಾಲುದಾರ ಆಗಿರಬಹುದು, ಅದೂ ಆ ವ್ಯಾಪಾರ ವೃತ್ತಿಯ ಘನತೆಗೆ ಒಗ್ಗದ್ದು ಅಂತ ಬಾರ್ ಕೌನ್ಸಿಲ್‌ಗೆ ಅನ್ನಿಸಬಾರದು. ಲಾ ಕಾಲೇಜಿನಲ್ಲಿ ದಿನಕ್ಕೆ ಮೂರು ಗಂಟೆಯವರೆಗೆ ಪಾಠ ಮಾಡಬಹುದು, ಕಾನೂನು ಪುಸ್ತಕ ತಿದ್ದುವ ಕೆಲಸ ಮಾಡಬಹುದು. ಹೋಂಸ್ಟೇ ಅಮ್ಮನ ಹೆಸರಿನಲ್ಲಿ, ಅಮ್ಮನೇ ನಡೆಸುವುದಾದರೆ ಅಡ್ಡಿ ಇಲ್ಲ. ಬೋರ್ಡಿನಲ್ಲಿ ನಿಮ್ಮ ಮೊಬೈಲ್ ನಂಬರ್ ಹಾಕಿಸಬೇಡಿ.